ರೆಪ್ಪೆ

ಶಹಾಪುರದ ದವಾಖಾನೆಯಲ್ಲಿ, ಟಿ.ಬಿ. ಕೋಣೆಯ ಹೊರಗೆ,
ಸೊಂಟದೆತ್ತರದ ಒಂದು ಯಂತ್ರಕ್ಕೆ
ಮುಖ ಬರೆಯುವ ಕೆಲಸ ನನ್ನದು.

ಮೊದಲ ವಾರ ಹುಬ್ಬು ಇಟ್ಟೆ.
ಹುಬ್ಬಿದ್ದರೆ ಅದಕ್ಕೇನೋ ಬೇಕಾಗಿದೆ ಅನಿಸುತ್ತದೆ,
ತೆಗೆದೆ.
ಹಲ್ಲು ಕಂಡರೆ ಮಕ್ಕಳು ನಕ್ಕರು, ದೊಡ್ಡವರು ಚೀಲ ಬಿಗಿ ಹಿಡಿದರು.
ಹಲ್ಲೂ ಹೋಯಿತು.
ಗಲ್ಲಕ್ಕೆ ಗುಲಾಬಿ ಬಳಿದ ದಿನ ಖಾಜಾಬಿ ಕೇಳಿದಳು:
ಇದಕ್ಕೂ ಜ್ವರ ಬಂದಾವೇನ್ರೀ?

ಸಾಬಮ್ಮ ಮಾತ್ರ ದೂರದ ಬೆಂಚಿನಿಂದ ನೋಡಿದಳು, ಮೂರು ದಿನ.
ನಾಕನೆಯ ದಿನ ಅಂದಳು:
"ರೆಪ್ಪಿ ಬಡಿಯಂಗಿಲ್ಲ ಇದು, ತಂಗಿ.
ರೆಪ್ಪಿ ಬಡೀದಂಗ ನೋಡಾವರು ಇಬ್ಬರೇ.
ಗುಡಿಯಾಗಿನ ದೇವರು,
ಸಂಘದ ಕಂತಿಗೆ ಬರೋ ಹುಡುಗ.
ಇದು ಯಾರ ಪೈಕಿ?"

ದೇವರ ಪೈಕಿ ವಿಚಾರಿಸೋಣವೆಂದು
ಸುರಪುರದ ಮಾನಪ್ಪ ಪತ್ತಾರನ ಹತ್ತಿರ ಹೋದೆ.
ಊರೂರ ಕಲ್ಲುಗಳಿಗೆ ಬೆಳ್ಳಿಯ ಕಣ್ಣು ಮಾಡುವವ.
ತಂಬಾಕಿನ ಡಬ್ಬಿಯಲ್ಲಿ ಜೋಡಿ ಜೋಡಿ ಕಣ್ಣು,
ಮೇಣ ಮೆತ್ತಿದ ಬೆನ್ನು.
ಒಂದು ಜೋಡಿ ಎತ್ತಿ ಕುಲುಮೆಯ ಪಕ್ಕದ ಇಟ್ಟಿಗೆಗೆ ಒತ್ತಿದ.
ಇಟ್ಟಿಗೆ ನನ್ನನ್ನು ನೋಡಿತು.
ಎದ್ದು ನಿಲ್ಲಬೇಕು ಅನಿಸಿತು, ಆಣೆ ಮಾಡಿ ಹೇಳುತ್ತೇನೆ.
"ಇಷ್ಟ ಸಾಕು," ಅಂದ.
"ಮೂಗು, ಬಾಯಿ, ಮನಸ್ಸು ಎಲ್ಲಾ ಬಂದಾವರೇ ತರ್ತಾರ.
ನಾ ಕೂಲಿ ತೊಗೊಂಡು ಹಿಂದ ಸರಿಯಾಂವ."

ಆ ಸಂಜೆ ಊರ ಹೊರಗಿನ ರಸ್ತೆಗೆ ನಡೆದೆ.
ಮಲಗಿದ ಬುದ್ಧ ಅನ್ನುತ್ತಾರಲ್ಲ, ಆ ಗುಡ್ಡ:
ಹಣೆ ಒಂದು ಬಂಡೆ, ಮೂಗು ಇನ್ನೊಂದು,
ಗದ್ದ ಎಲ್ಲೋ ಹಿಂದಿನದು.
ಆಚೆ ಸ್ವಲ್ಪ ಸರಿದರೆ ಬರೀ ಕಲ್ಲು.
ಯಾರೂ ಬರೆದದ್ದಲ್ಲ. ಏನೂ ಕೇಳುವುದಿಲ್ಲ.
ಗುಳಿಗೆ ಯಾರು ತಪ್ಪಿಸಿದರೆಂದು
ಯಾರಿಗೂ ಹೇಳುವುದಿಲ್ಲ.

ಎರಡು ದುಂಡು ಉಳಿಸಿದೆ, ಅಷ್ಟೇ. ನಾಲ್ಕು ಸೆಕೆಂಡಿಗೊಮ್ಮೆ ರೆಪ್ಪೆ.
ಪುಣೆಯ ಕಂಪನಿಯವರು ನಂಬಿಕೆಗೆ ಅಂಕ ಹಾಕುತ್ತಾರೆ, ಐದಕ್ಕೆ.
ನಾಲ್ಕು ಬಂತು. ನಾಲ್ಕೂಕಾಲು ಬಂತು.
ಶಕೀಲಾ ಸಿಸ್ಟರಿಗೆ ಎಂದೂ ಬಾಯಿ ಬಿಡದ ದೇವಿಂದ್ರಪ್ಪ
ದುಂಡುಗಳ ಎದುರು ಮೊಣಕಾಲೂರಿ ಪಿಸುಗುಟ್ಟಿದ:
ಹನ್ನೊಂದು ದಿನ ಆತು, ಗುಳಿಗಿ ನುಂಗಿಲ್ಲ.
ಮಗಳನ್ನ ನೋಡಾಕ ಬಂದಾರ, ಮನ್ಯಾಗ ಬೀಗರು ಅದಾರ,
ಡಬ್ಬಿ ಕಾಣಬಾರದಂತ ಜ್ವಾಳದ ಗುಮ್ಮಿಯೊಳಗ ಹುಗದೀನಿ.
ಯಾರ ಮುಂದೂ ಅನಬ್ಯಾಡಪ್ಪಾ.

ದುಂಡುಗಳು ಮೆತ್ತಗೆ ರೆಪ್ಪೆ ಬಡಿದವು,
ಹೂಂ ಅಂದ ಹಾಗೆ.
ನಾನೇ ಬರೆದ ಹೂಂ.

ಮರುದಿನ ಹೆಸರು ಹಿಡಿದು ಮನೆ ಬಾಗಿಲಿಗೆ ಬಂದರು.
ಬೀಗರು ಚಹಾ ಕುಡಿಯುತ್ತಿದ್ದರು.

ರಾತ್ರಿ ಕೂತು ಒಂದೇ ಒಂದು ಬದಲಿಸಿದೆ.
ಹಳೆಯ ಕಂಪೌಂಡರು ವಹಿ ತೆರೆದು ಬರೆಯುವಾಗ
ಕಣ್ಣು ಕೆಳಗೆ ಹೋಗುತ್ತಿತ್ತಲ್ಲ,
ನಮ್ಮ ಮಾತೂ ತಾನಾಗಿ ಸಣ್ಣದಾಗುತ್ತಿತ್ತಲ್ಲ,
ಹಾಗೆ.
ಬರೆದುಕೊಳ್ಳುವಾಗೆಲ್ಲ ಇದು ಕೆಳಗೆ ನೋಡಬೇಕು,
ಎದುರಿಗಿದ್ದವರಿಗೆ ಕಾಣುವಂತೆ.

ಅಂಕ ಬಿತ್ತು. ಎರಡೂವರೆ.
ಪುಣೆಯಿಂದ ಫೋನು: ನಿಮ್ಮ ಮುಖ ಯಾಕೆ ಕಣ್ಣು ತಪ್ಪಿಸುತ್ತದೆ?
ತಪ್ಪಿಸುತ್ತಿಲ್ಲ ಸರ್, ಬರೆಯುತ್ತಿದೆ, ಅಂದೆ.
ಸೋಮವಾರದೊಳಗೆ ತೆಗೆಯಿರಿ, ಅಂದರು.

ಇವತ್ತು ಶನಿವಾರ.
ಸಾಬಮ್ಮ ಮೊದಲ ಸಲ ಹತ್ತಿರ ಬಂದು
ಕುರ್ಚಿ ಎಳೆದುಕೊಂಡಿದ್ದಾಳೆ.
ಸೆರಗಿನಿಂದ ಅದರ ಗಾಜಿನ ಧೂಳು ಒರೆಸಿ ಮಾತು ಶುರು ಮಾಡುತ್ತಾಳೆ.
ಅದು ಕೆಳಗೆ ನೋಡುತ್ತದೆ, ಗಪ್ಪನೆ ನಿಲ್ಲಿಸುತ್ತಾಳೆ.
ಮೇಲೆ ನೋಡುತ್ತದೆ, ಮುಂದುವರಿಸುತ್ತಾಳೆ.
"ಹಾಂ, ಬರಕೋ," ಅನ್ನುತ್ತಾಳೆ ಒಮ್ಮೆ, ಅದಕ್ಕೆ.
"ಇದು ಬರಕೋಬ್ಯಾಡ," ಅನ್ನುತ್ತಾಳೆ ಇನ್ನೊಮ್ಮೆ,
ನನ್ನ ಕಡೆ ತಿರುಗಿ.