ತಡಿಕೆ

ಡಾರ್ಚೆಸ್ಟರಿನ ಆಸ್ಪತ್ರೆ, ಎರಡನೇ ಮಹಡಿ.
ಸೊಂಟದ ಕೀಲು ಬದಲಿಸಿದ ಐದನೇ ದಿನ
ಸ್ಟಿಕ್‌ಲ್ಯಾಂಡ್ ಎಂಬ ಎಂಬತ್ತೊಂದರ ಮುದುಕ
ವಾಕರ್ ಹಿಡಿದು ನಿಂತಿದ್ದ, ಹೊಸ್ತಿಲ ಪಟ್ಟಿಯ ಈಚೆ.
'ಇದೊಂದು ಹರ್ಡಲ್, ದಾಟಿಬಿಡಿ' ಅಂದೆ,
ಕಾಲೇಜು ಕಲಿಸಿದ ಹುರುಪಿನ ದನಿಯಲ್ಲಿ.

ದಾಟಲಿಲ್ಲ. ನಕ್ಕ.
'ಅರವತ್ತು ವರ್ಷ ಹರ್ಡಲ್ ಮಾಡಿದ ಕೈ ಇದು, ಮಗಳೇ.
ದಾಟಲಿಕ್ಕೆಂದು ಒಂದನ್ನೂ ಮಾಡಲಿಲ್ಲ.'

ನನಗೆ ಗೊತ್ತಿದ್ದ ಹರ್ಡಲ್:
ಹಿರಿಯೂರಿನ ಹೈಸ್ಕೂಲು ಮೈದಾನ, ಸುಣ್ಣದ ಗೆರೆ,
ಪಿ.ಟಿ. ಮೇಷ್ಟ್ರ ಸೀಟಿ, ಮೊಣಕಾಲಿನ ಈ ಕಲೆ.
ಆಮೇಲೆ ಪೇಪರಿನಲ್ಲಿ: ಸೇತುವೆಗೆ ಹರ್ಡಲ್, ಮಾತುಕತೆಗೆ ಹರ್ಡಲ್.
ನಿಘಂಟಿನಲ್ಲಿ ಒಂದೇ ಸಾಲು: ಅಡ್ಡಿ, ಆತಂಕ, ವಿಘ್ನ.
ವಿಘ್ನಕ್ಕಾದರೆ ಕಡುಬು ಮಾಡಿಟ್ಟು ಕೈಮುಗಿಯಬಹುದು.

ಅವನು ಮಂಚದ ಅಂಚಿಗೆ ಕೂತು
ಹೊದಿಕೆಯ ಮೇಲೆ ಬೆರಳಲ್ಲೇ ನೇಯ್ದು ತೋರಿಸಿದ.
ನೆಟ್ಟ ಗೂಟ ಹತ್ತು. ಏಳು ವರ್ಷದ ಹೇಜಲ್ ಕೋಲು,
ಸೀಳಿ, ಒಂದರ ಹಿಂದೆ, ಒಂದರ ಮುಂದೆ.
ಕೊನೆಯ ಗೂಟದಲ್ಲಿ ಮಡಚಬಾರದು, ಮುರಿಯುತ್ತದೆ;
ತಿರುಚಬೇಕು ಹಗ್ಗದ ಹಾಗೆ, ನಾರು ನಾರು ಬಿಡುವಂತೆ,
ಆಗ ತಾನೇ ತಿರುಗಿ ಬರುತ್ತದೆ.
ಮಾರ್ಚ್ ತಿಂಗಳ ಗಾಳಿಗೆ ಮರೆ. ಈಯುವ ಕುರಿಗೆ ಮನೆ.
ಇವತ್ತು ಈ ಹೊಲ, ನಾಳೆ ಪಕ್ಕದ್ದು,
ಹಿಕ್ಕೆ ಬಿದ್ದಲ್ಲಿ ಬಾರ್ಲಿ.

'ಅಯ್ಯೋ, ತಡಿಕೆ!'
ಕನ್ನಡದಲ್ಲೇ ಅಂದುಬಿಟ್ಟೆ.
ರೊಪ್ಪದ ತಡಿಕೆ. ನಮ್ಮ ಸೀಮೆಯಲ್ಲಿ ಬಿದಿರು, ಇಲ್ಲವೆ ಲಕ್ಕಿಬರಲು.
ಮಂದೆ ತರುಬಿದ ಹೊಲದಲ್ಲಿ ರಾಗಿ
ಕಪ್ಪಗೆ ಏಳುತ್ತಿತ್ತು.

'ಟಡಿಕೆ' ಅಂದ, ಬಾಯಲ್ಲಿ ಹೊರಳಿಸಿ, ರುಚಿ ನೋಡುವಂತೆ.
ಹೇಗೆ ಬಿಡಿಸಿ ಹೇಳಲಿ,
ತಡೆ ಅಂದರೆ ಅಡ್ಡಿ,
ತಡೆದುಕೋ ಅಂದರೆ ಹಲ್ಲು ಕಚ್ಚು, ನೋವು ಹೋಗುತ್ತದೆ,
ತಡಿ ಅಂದರೆ ಒಂದು ಗಳಿಗೆ ನಿಲ್ಲು, ನಾನೂ ಬಂದೆ.
ಒಂದೇ ಬುಡದ ಬರಲು ಇರಬೇಕು.
ಪಂಡಿತರು ಒಪ್ಪದಿದ್ದರೆ ಬಿಡಲಿ.

'ನಡುವೆ ಒಂದು ತೂತು ಬಿಡುತ್ತೇವೆ' ಅಂದ.
ಯಾಕೆ?
'ಕೋಲು ತೂರಿಸಿ ನಾಲ್ಕನ್ನು ಒಟ್ಟಿಗೆ ಬೆನ್ನಿಗೇರಿಸಲು.
ಕುರುಬ ಅವನ್ನು ಹೊತ್ತೇ ಗುಡ್ಡ ಹತ್ತಬೇಕಲ್ಲ.'

ಮತ್ತೆ ಎದ್ದ. ಹೊಸ್ತಿಲ ಪಟ್ಟಿಯ ಹತ್ತಿರ
ಎಡಗಾಲು ನಡುಗಿತು.
ದಾಟಿ ಅನ್ನಲಿಲ್ಲ. 'ತಡಿ' ಅಂದೆ.
ಅವನಿಗೆ ಅರ್ಥವಾಯಿತೋ ಏನೋ, ನಿಂತ.
ಕಿಟಕಿಯಾಚೆ ಯಾರೋ ಕಾರಿಗೆ ಜಾಗ ಹುಡುಕುತ್ತಿದ್ದರು.

ಚಾರ್ಟಿನಲ್ಲಿ ಬರೆದೆ: ಹನ್ನೆರಡು ಹೆಜ್ಜೆ, ಒಬ್ಬರ ಆಸರೆ.
ಅಡಚಣೆಗಳು ಎಂಬಲ್ಲಿ
ಏನೂ ತುಂಬಲಿಲ್ಲ.