ಸತ್ತಿತಾ?

ತಾಮ್ರ ತೋಡಿ ಮುಗಿದ ಗಣಿಯ ತಳದಲ್ಲಿ
ಐಲಾ ಕಾಯುತ್ತಿದ್ದದ್ದು ಒಂದು ಸಾವಿಗೆ:
ಕೆರೆಯಷ್ಟು ನೀರಿನಲ್ಲಿ
ಒಂದೇ ಒಂದು ಪ್ರೋಟಾನು
ಸಾಯುತ್ತ ಚೆಲ್ಲುವ ನೀಲಿ ಮಿಣುಕಿಗೆ.

ಫಿನ್ಲೆಂಡಿನ ಡಿಸೆಂಬರು. ಇಳಿಯುವಾಗಲೂ ಕತ್ತಲು,
ಏರಿ ಬಂದರೂ ಕತ್ತಲು.
ಲಿಫ್ಟಿನ ಓಸ್ಮೋ ದಿನಾ ಕೇಳುವನು,
"ಸತ್ತಿತಾ?"
"ಇನ್ನೂ ಇಲ್ಲ."
ಜಾಲರಿ ಬಾಗಿಲೆಳೆದು, ಫ್ಲಾಸ್ಕಿನ ಕಾಫಿ ಚಾಚುವನು.

ಮೂವತ್ತೊಂದು ವರ್ಷ.
ಬಂದ ಮಿಣುಕೆಲ್ಲ
ಆಕಾಶದ ಮ್ಯೂಆನು, ಬಂಡೆಯ ರೇಡಾನು,
ಒಮ್ಮೆ ಯಾರೋ ಆರಿಸಲು ಮರೆತ ಟಾರ್ಚು.

ಕೊನೆಯ ಪ್ರಬಂಧದಲ್ಲಿ ಬರೆದದ್ದು ಇಷ್ಟೇ:
ಅದರ ಆಯಸ್ಸು, ನಾವಂದುಕೊಂಡದ್ದಕ್ಕಿಂತ ಹೆಚ್ಚು.

ಆ ವಾರವೇ
ಓಸ್ಮೋನ ಮಣ್ಣಿಗೆ ಹೋಗಿಬಂದು
ಲಿಫ್ಟು ಹತ್ತಿದಳು.
ಹೊಸ ಹುಡುಗ ಏನೂ ಕೇಳಲಿಲ್ಲ.
ಏಳುನೂರು ಮೀಟರು ಇಳಿದ ಮೇಲೆ
ಅವಳೇ ಅಂದಳು,
"ಇನ್ನೂ ಇಲ್ಲ."