ಹಾಳೆಗೆ ಮೂರು

ಫೋನಿನಲ್ಲಿ ಸೂಪರಿಂಟೆಂಡೆಂಟರು ಹೇಳಿದ್ದು ಇಷ್ಟೇ:
"ಮಿಷನ್ನು ಹಲ್ಲು ಕಡೀತೈತಿ, ಬರ್ರಿ."

ದೀಪಾವಳಿ ಮುಗಿದ ವಾರ. ದಾವಣಗೆರೆ ಎಪಿಎಂಸಿ ಅಂಗಳದ ತುಂಬ
ಮೆಕ್ಕೆಜೋಳದ ಹೊಟ್ಟು ಹಾರಿ
ಕಚೇರಿಯ ಕಿಟಕಿ ಸರಳಿಗೂ ಹಳದಿ ಮೀಸೆ.
ಚೀಲ ಬಿಚ್ಚಿ, ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿ
ತುದಿಯನ್ನು ಯಂತ್ರದ ಪಕ್ಕೆಗಿಟ್ಟೆ,
ಡಾಕ್ಟರ ಹಾಗಲ್ಲ,
ಗೋಡೆಯಾಚೆಯ ಜಗಳ ಕೇಳುವ ನೆರೆಯವನ ಹಾಗೆ.

ಸದ್ದಿಗೂ ಕುಲಗೋತ್ರ ಉಂಟು.
ಕೀಚಲಾದರೆ ಗ್ರೀಸು ಒಣಗಿದ ಬುಶ್ಶು.
ಚರಚರ ಅಂದರೆ ಹಾಳೆ ಎಳೆಯುವ ರಬ್ಬರು ಸವೆದಿದೆ.
ಗುಂಯ್ ಅಂದರೆ ಫ್ಯಾನಿನ ಬುಡದಲ್ಲಿ ಧೂಳಿನ ಉಂಡೆ.
ಇದು ಯಾವುದೂ ಅಲ್ಲ.
ಟಕ್.
ಸ್ವಲ್ಪ ಬಿಟ್ಟು, ಟಕ್.
ಒಳಗೆ ಯಾರೋ ಪುರುಸೊತ್ತಾಗಿ ಕೂತು
ಶೇಂಗಾ ಒಡೆಯುತ್ತಿದ್ದಂತೆ.

"ಇಲಿ ಹೊಕ್ಕೈತ್ರಿ" ಅಂದ ಅಟೆಂಡರ್ ಓಬಳೇಶಿ.
"ಟೋನರು ಡೂಪ್ಲಿಕೇಟು" ಅಂದರು ಸಾಹೇಬರು.
ಹಾಳೆ ಹಾಕದೆ ಓಡಿಸಿದೆ. ಟಕ್.
ಟ್ರೇ ಬದಲಿಸಿದೆ. ಟಕ್.
ರವಾನೆ ಮೇಜಿನಿಂದ, ತಲೆ ಎತ್ತದೆ, ತಿಪ್ಪಮ್ಮ:
"ಹಾಳೆಗೆ ಮೂರ್ರೀ."
"ಏನು?"
"ಒಂದು ಹಾಳೆ ಹೊರಗ ಬರೋದ್ರಾಗ ಮೂರು ಸಲ ಬಡೀತೈತಿ.
ಗೌರಿ ಹಬ್ಬದಿಂದ ಕೇಳ್ತಾ ಇದೀನಿ."

ಹಾಳೆಯ ಉದ್ದ ಮೂವತ್ತು ಸೆಂಟಿಮೀಟರಿಗೆ ತುಸು ಕಡಿಮೆ.
ಮನಸ್ಸಿನಲ್ಲೇ ಮೂರರಿಂದ ಭಾಗಿಸಿದೆ.
ಅಷ್ಟು ಸುತ್ತಳತೆಯದು ಈ ಹೊಟ್ಟೆಯೊಳಗೆ ಡ್ರಮ್ಮು.
ಆದರೆ ಪ್ರತಿಯ ಮೇಲೆ ಕಲೆಯಿಲ್ಲ, ಗೆರೆಯಿಲ್ಲ,
ಹಮಾಲರ ಲೈಸೆನ್ಸಿನ ಒಂದೊಂದು ಹೆಬ್ಬೆಟ್ಟೂ ಸ್ಪಷ್ಟ.
ಹಾಗಾದರೆ ಡ್ರಮ್ಮಲ್ಲ,
ಅದರ ಬೆನ್ನ ಹಿಂದೆ ನಿಂತು ತಿರುಗಿಸುವವನು.

ಹಿಂಬದಿಯ ತಗಡಿಗೆ ಹನ್ನೊಂದು ಸ್ಕ್ರೂ.
ಹನ್ನೆರಡನೆಯದು ಹಿಂದಿನ ರಿಪೇರಿಯವನ ಜೇಬಿನಲ್ಲಿ.
ಬೆರಳಿನಿಂದ ಗೇರನ್ನು ಮೆಲ್ಲಗೆ ಸುತ್ತಿದೆ:
ಬಿಳಿ ಹಲ್ಲಿನ ಸಾಲಿನಲ್ಲಿ ಒಂದು ಅರ್ಧಕ್ಕೆ ಮುರಿದಿದೆ,
ಪಕ್ಕದ ಸಂದಿಯಲ್ಲಿ
ಸ್ಟೇಪ್ಲರ್ ಪಿನ್ನಿನ ಚೂರು, ತುಕ್ಕು ಹಿಡಿದು.

ಹೊಸದು ಹುಬ್ಬಳ್ಳಿಯಿಂದ ಬರಬೇಕು, ನಾಲ್ಕು ದಿನ.
ರೆಕಾರ್ಡ್ ರೂಮಿನಲ್ಲಿ ಗೋಣಿಚೀಲಗಳ ಕೆಳಗೆ
ಸತ್ತ ಯಂತ್ರವೊಂದಿತ್ತು, ಇದೇ ಕಂಪನಿ, ಇದರ ಅಣ್ಣ.
"ವಿಲೇವಾರಿಗೆ ಬಾಕಿ" ಎಂಬ ಚೀಟಿಯನ್ನು ಹರಿಯದಂತೆ ಸರಿಸಿ
ಗೇರು ಕಳಚಿದೆ. ಹಲ್ಲುಜ್ಜುವ ಬ್ರಶ್ಶಿನಿಂದಲೇ ಉಜ್ಜಿದೆ.
ಮೆಣಸಿನಕಾಳಿನಷ್ಟು ಗ್ರೀಸು, ಅಷ್ಟೇ.
ಜಾಸ್ತಿಯಾದರೆ ಜೋಳದ ಹೊಟ್ಟು ಅಲ್ಲೇ ಸಂಸಾರ ಹೂಡುತ್ತದೆ.

ಗುಂಡಿ ಒತ್ತಿದೆ.
ಹಾಳೆಗಳು ಬಂದವು, ಮಾತಿಲ್ಲದೆ, ಒಂದರ ಮೇಲೊಂದು.
ಆಗ ಕೇಳಿಸಿತು ಸೀಲಿಂಗ್ ಫ್ಯಾನು.
ಓಬಳೇಶಿಯ ಕಟ್ಟಿದ ಮೂಗು.
ಹೊರಗೆ ಚೀಲ ಎಣಿಸುವವನ ರಾಗ:
ಲಾಭಾ, ಎರಡಾ, ಮೂರಾ...

ತಿಪ್ಪಮ್ಮ ಗೋಂದಿನ ಕೈ ಹಿಡಿದು ನಿಲ್ಲಿಸಿದರು.
"ಎಷ್ಟಾದವು?"
"ಎಂಥವು?"
"ಹಾಳೆ. ನೂರಾ ಇಪ್ಪತ್ತು ಬೇಕಿತ್ತು.
ಲಕೋಟೆ ಅಂಟಿಸ್ತಾ ನಾನು ಕಿವಿಯಾಗೇ ಎಣಿಸ್ತಿದ್ದೆ.
ಈಗ ಹೆಂಗ?"

ಅಂಕಿ ತೋರಿಸುವ ಪುಟ್ಟ ಕಿಟಕಿ
ಕುರುಡಾಗಿ ಎರಡು ವರ್ಷ ಆಗಿತ್ತಂತೆ.
ಅದರ ಬಗ್ಗೆ ಯಾರೂ ದೂರು ಕೊಟ್ಟಿರಲಿಲ್ಲ.

ಬಿಲ್ಲಿನಲ್ಲಿ ಬರೆದೆ: ಸದ್ದು ನಿವಾರಣೆ, ಒಂದು.
ಚೀಲ ಕಟ್ಟುವಾಗ ಅವರು ಕೈ ಚಾಚಿದರು,
"ಆ ಮುರುಕು ಹಲ್ಲಿಂದು ಇಲ್ಲೇ ಇರ್ಲಿ."
ಕೊಟ್ಟೆ. ಉಗುರಿನಿಂದ ಒಂದು ಸುತ್ತು ತಿರುಗಿಸಿ ನೋಡಿ
ರಬ್ಬರ್ ಬ್ಯಾಂಡು, ಅರಗಿನ ಕಡ್ಡಿಗಳ ನಡುವೆ ಇಟ್ಟು
ಡ್ರಾಯರು ದೂಡಿದರು.
ಅದು ಅರ್ಧಕ್ಕೆ ನಿಂತು, ಕಿರ್ರ್ ಅಂದು, ಮುಚ್ಚಿತು.
ಮರಗೆಲಸ ನನ್ನದಲ್ಲ.